ಚನ್ನವೀರನ ಹಗುರ ಬೋಗುಣಿ

ಮಸ್ಕಿಯ ಚನ್ನವೀರನಿಗೆ ಭಾರ ಅಂದರೆ ಆಗದು. ಶ್ರೀಶೈಲಕ್ಕೆ ನಡೆದು ಹೋಗುವವರ ಚೀಲ ಕಂಡರೆ ಸಾಕು, ಎತ್ತಿ ನೋಡಿ, “ಇದೇನು, ಮನೀನs ಹೊತ್ಕೊಂಡು ಹೊಂಟೀರೇನು?” ಅನ್ನುವವ. ಅವನ ಮನೆಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಅವನ ತಗಡು ಬಡಿತ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಆದರೂ ಯಾತ್ರೆಯವರಿಗೆಂದು ಅವನು ಮಾಡುತ್ತಿದ್ದ ತಗಡಿನ ಒಲೆಗೆ ಹೆಸರಿಡುವಂತಿರಲಿಲ್ಲ. ಡಬ್ಬಿಯೊಳಗೊಂದು ಡಬ್ಬಿ, ಬುಡದಲ್ಲಿ ಗಾಳಿಗೆ ತೂತು. ದಾರಿಯಲ್ಲಿ ಸಿಕ್ಕ ನಾಲ್ಕು ಪುಳ್ಳೆ ಹಾಕಿದರೆ ಹೆಚ್ಚು ಹೊಗೆಯಿಲ್ಲದೆ ಉರಿದು ಗಂಜಿ ಕುದಿಸುತ್ತಿತ್ತು. ಮೇಲಿಡಲು ತಂತಿ ಹಿಡಿಕೆಯ ಬೋಗುಣಿಯನ್ನೂ ಅವನೇ ಮಾಡಿಕೊಡುತ್ತಿದ್ದ.

ಹಳೆಯ ಡಬ್ಬಿಗಳನ್ನು ಸಿಂಧನೂರಿನ ಗುಜರಿ ಅಂಗಡಿಯ ಅಜೀಮ್ ಎರಡು ಚೀಲದಲ್ಲಿ ಕಳಿಸುತ್ತಿದ್ದ. ಒಂದರಲ್ಲಿ ತುಪ್ಪದ ಡಬ್ಬಿ, ಇನ್ನೊಂದರಲ್ಲಿ ಭತ್ತಕ್ಕೆ ಹೊಡೆಯುವ ಕ್ರಿಮಿನಾಶಕದ ಡಬ್ಬಿ. ತುಪ್ಪದ್ದು ಬೋಗುಣಿಗೆ. ವಿಷದ್ದು ಒಲೆಯ ಹೊರಗವಸಿಗೆ ಮಾತ್ರ, ಅಡುಗೆ ಅದನ್ನು ಮುಟ್ಟುವುದಿಲ್ಲ. ಬಣ್ಣ ಹೋಗಲೆಂದು ಭತ್ತದ ಹುಲ್ಲಿನ ಬೆಂಕಿಯಲ್ಲಿ ಅವನ್ನು ಬೇರೆ ಬೇರೆ ಸುಡುತ್ತಿದ್ದ. ಹೋದ ವರ್ಷ ಯುಗಾದಿ ಹತ್ತಿರ ಬಂದಿತ್ತು, ಯಾತ್ರೆಯವರು ಅವಸರ ಮಾಡುತ್ತಿದ್ದರು. ಎರಡೂ ಚೀಲವನ್ನು ಒಂದೇ ಬೆಂಕಿಗೆ ಸುರಿದುಬಿಟ್ಟ. ಸುಟ್ಟ ಮೇಲೆ ಎಲ್ಲವೂ ಒಂದೇ ಕಪ್ಪು. ತನ್ನ ಕಣ್ಣಿಗೆ ಗುರುತು ಸಿಗದೆ ಇರುತ್ತದೆಯೇ ಎಂದು ಅಂದಾಜಿನ ಮೇಲೆ ಬೇರ್ಪಡಿಸಿದ.

ಆ ಬೋಗುಣಿಗಳನ್ನೆಲ್ಲ ಶ್ರೀಶೈಲಕ್ಕೆ ಹೊರಟಿದ್ದ ಕರಿಬಸಪ್ಪನ ತಂಡವೇ ಒಯ್ದಿತು. ಅವರು ಹೊರಟುಹೋದ ಕೆಲವು ದಿನಕ್ಕೆ ಚನ್ನವೀರನ ಹೆಂಡತಿ ಸಂಗಮ್ಮ, ಉಳಿದ ಒಲೆಯೊಂದನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಹೊರಗವಸಿನ ತಳದಲ್ಲಿ ಉಬ್ಬಿದ ಅಕ್ಷರ ಕಂಡವು.

“ಇದು ತುಪ್ಪದ ಡಬ್ಬಿ ಐತಲ್ರಿ. ಇದನ್ಯಾಕ ಹೊರಗ ಹಾಕೀರಿ?”

ಚನ್ನವೀರ ಎದ್ದು ಬಂದು ಆ ತಳವನ್ನು ಬೆರಳಿನಿಂದ ಸವರಿ ನೋಡಿದ. ತುಪ್ಪದ ಡಬ್ಬಿ ಇಲ್ಲಿ ಬಂದಿದೆ ಅಂದರೆ ವಿಷದ ಡಬ್ಬಿ ಬೋಗುಣಿಯಾಗಿದೆ. ತಂಡದ ಜೊತೆ ಹೋಗಿದ್ದ ಅವನ ತಾಯಿ ಬಸವಣ್ಣೆಮ್ಮನ ಬಳಿಯೂ ಆ ಬೋಗುಣಿಗಳು ಎರಡಿದ್ದವು.

ಅವನು ನನ್ನ ಅಂಗಡಿಗೆ ಓಡಿ ಬಂದ, ನಾನೇ ಕರಿಬಸಪ್ಪನಿಗೆ ಫೋನ್ ಹಚ್ಚಿದೆ. ಮಸಿ ಕೆರೆದು ತಳ ನೋಡಿರಿ, ತುಪ್ಪದ್ದಾದರೆ ಅಕ್ಷರ ಇರುತ್ತವೆ, ವಿಷದ್ದಾದರೆ ಬೋಳು ಎಂದೆ. ಅವರು ಒಂದೊಂದಾಗಿ ಬೋರಲು ಹಾಕಿ ನೋಡಿದರು. ಎಲ್ಲದರಲ್ಲೂ ಅಕ್ಷರ. ಚನ್ನವೀರ ಉಸಿರು ಬಿಟ್ಟ. ಅಷ್ಟರಲ್ಲಿ ತಾಯಿ ಫೋನ್ ಇಸಿದುಕೊಂಡಳು.

“ನನ್ನ ಹಂತ್ಯಾಕ ಒಂದs ಐತೆಪಾ. ಇನ್ನೊಂದು ಲಿಂಗಸೂಗೂರಿನ ಅಶ್ವಿನಿಗೆ ಕೊಟ್ಟೀನಿ. ಸಣ್ಣ ಕೂಸು ಕಟ್ಕೊಂಡು ನಡ್ಯಾಕತ್ತಿದ್ಲು, ಗಂಜಿ ಕಾಸಾಕ ಏನೂ ಇರಲಿಲ್ಲ. ಅವ್ರು ಮುಂದ ಅಡವಿ ಹೊಕ್ಕಾರ. ಅಲ್ಲಿ ಫೋನ್ ಹತ್ತಂಗಿಲ್ಲಂತ.”

ನನ್ನ ಬೈಕಿನಲ್ಲೇ ಹೊರಟೆವು. ವೆಂಕಟಾಪುರದಲ್ಲಿ ಬೈಕ್ ಬಿಟ್ಟೆವು. ಮುಂದೆ ನಲ್ಲಮಲದ ಕಾಡು, ಕಾಲುದಾರಿ. ಹೊಗೆ ಕಂಡಲ್ಲೆಲ್ಲ ಚನ್ನವೀರ ಓಡುತ್ತಿದ್ದ, ಕೇಳದೆ ಜನರ ಪಾತ್ರೆ ಎತ್ತಿ ನೋಡುತ್ತಿದ್ದ. ಬೈದವರ ಕ್ಷಮೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ನಾಗಲೂಟಿ ದಾಟಿದ ಮೇಲೆ ಒಂದು ಮರದಡಿ ಅವನ ಬೋಗುಣಿ ಕಂಡಿತು. ಗಂಜಿ ಕುದಿಯುತ್ತಿತ್ತು. ಬರಿಗೈಯಲ್ಲೇ ಹಿಡಿದು ಎತ್ತಿ, ಗಂಜಿ ಚೆಲ್ಲಿ, ತಳವನ್ನು ಕಲ್ಲಿಗೆ ಉಜ್ಜಿದ. ಬೋಳು.

“ಯಾರ್ರಿ ನೀವು?” ಅಶ್ವಿನಿ ಎದ್ದು ನಿಂತಳು. “ಮೊನ್ನಿಯಿಂದ ಕೂಸಿಗೆ ಇದರಾಗs ಕಾಸಾಕತ್ತೀನಿ.”

ಚನ್ನವೀರ ಇದ್ದದ್ದನ್ನು ಇದ್ದಂತೆ ಹೇಳಿದ. ಅಶ್ವಿನಿ, ಎಲೆ ಹಿಡಿದು ಆಡುತ್ತಿದ್ದ ಮಗಳು ಅಮೂಲ್ಯಾಳನ್ನು ಎತ್ತಿಕೊಂಡು ಮಗುವಿನ ಬಾಯಿ ಮೂಸಿದಳು.

ಮಗುವನ್ನು ಹೊತ್ತು ಹಿಂತಿರುಗಿದವನು ಚನ್ನವೀರನೇ. ಸುಟ್ಟ ಅಂಗೈಗೆ ಯಾರಾದರೂ ಬಟ್ಟೆ ಕಟ್ಟಲು ಹೋದರೂ ನಿಲ್ಲಲಿಲ್ಲ. ಮಗು ಹೆಗಲ ಮೇಲೆ ನಿದ್ದೆಹೋದರೆ ಅವನ ಜೀವ ಹಾರುತ್ತಿತ್ತು, ಅಲುಗಿಸಿ ಎಬ್ಬಿಸುತ್ತಿದ್ದ. ಅದು ಕಿರುಚಿ ಅತ್ತರೆ ಮತ್ತೆ ನಡೆಯುತ್ತಿದ್ದ.

“ಮಲಗ್ಲಿ ಬಿಡ್ರಿ,” ಎಂದಳು ಅಶ್ವಿನಿ. ಅವನಿಗೆ ಬಿಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ನೋಡಿದರು. ಈಗ ಏನೂ ಕಾಣುತ್ತಿಲ್ಲ, ಸುಟ್ಟ ಡಬ್ಬಿಯಲ್ಲಿ ವಿಷ ಉಳಿದಿತ್ತೋ ಇಲ್ಲವೋ ಹೇಳಲಾರೆ, ಮಗುವಿನ ಮೇಲೆ ಕಣ್ಣಿಡಿ ಎಂದರು. ಕಣ್ಣಿಡಿ ಎಂಬ ಆ ಮಾತು ಚನ್ನವೀರನನ್ನು ಹಿಡಿದುಬಿಟ್ಟಿತು. ತಗಡಿನ ಕೆಲಸ ಬಿಟ್ಟ. ಗಳಿಗೆಗೊಮ್ಮೆ ಲಿಂಗಸೂಗೂರಿಗೆ ಫೋನ್ ಮಾಡುವುದು, ಮಗುವಿನ ಧ್ವನಿ ಕೇಳುವವರೆಗೂ ಇಡದಿರುವುದು.

ಹೋದ ತಿಂಗಳು ಅಮೂಲ್ಯಾಳಿಗೆ ಜ್ವರ ಎಂದು ಗೊತ್ತಾಯಿತು. ಎಲ್ಲ ಊರಾಗೂ ಜ್ವರ ಐತೆಪಾ ಎಂದರೂ ಕೇಳದೆ ಹೊರಟ, ನಾನೂ ಜೊತೆಗೆ ಹೋದೆ. ಅಶ್ವಿನಿ ಬಾಗಿಲಲ್ಲೇ ತಡೆದಳು.

“ಕೈ ಮುಗೀತೀನ್ರಿ, ಇನ್ನ ಬರಬ್ಯಾಡ್ರಿ. ನಾವು ಹ್ಯಾಂಗೋ ಮರ್ತಿರ್ತೀವಿ. ನೀವು ಬಂದು ನಿಂತ್ರ ನನಗೂ ಆಕಿ ಸಾಯ್ತಾಳ ಅನಸ್ತೈತಿ.”

ಒಳಗೆ ಮಗು ಕೆಮ್ಮಿತು. ಇಬ್ಬರೂ ಅತ್ತ ನೋಡಿದರು.