ನನ್ನ ಫ್ಲಶ್ಶು, ಅತ್ತೆಯವರ ಬಕೆಟ್ಟು

ಕಲ್ಯಾಣ ನಗರದ ನಮ್ಮ ಬಾಡಿಗೆ ಮನೆಯ ಫ್ಲಶ್ಶಿನ ಹಿಡಿಕೆ ಒತ್ತಿದರೆ, ಗಂಟಲು ಸರಿಮಾಡಿಕೊಂಡು ಮಾತೇ ಮರೆತ ಭಾಷಣಕಾರನ ಹಾಗೆ, ಅದು ಒಂದಿಷ್ಟು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಮೂಗು ಮುಚ್ಚಿಕೊಳ್ಳಬೇಡಿ, ಮಿತ್ರರೇ; ಈ ವಿಷಯ ಅಸಹ್ಯವೆನ್ನುವವರ ಮನೆಯಲ್ಲೂ ಅದೊಂದು ದಿನ ಕೈಕೊಟ್ಟರೆ ಉಳಿದ ವೇದಾಂತವೆಲ್ಲ ಬಾಗಿಲ ಹೊರಗೆ ಕಾಯಬೇಕಾಗುತ್ತದೆ.

ರಿಪೇರಿಯ ವಿಷಯದಲ್ಲಿ ನನಗೆ ನನ್ನ ಮೇಲೆ ಎಂದೂ ಅನುಮಾನವಿಲ್ಲ, ಇವತ್ತಿಗೂ ಇಲ್ಲ. ರಾಯಚೂರಿನ ಕಡೆಯವನು, ನೀರನ್ನು ಕೊಡಗಳ ಲೆಕ್ಕದಲ್ಲಿ ಕಂಡು ಬೆಳೆದವನು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವಂತಾದಾಗ, ನೀರು ತುಂಬಿ ಮುಚ್ಚಳ ಬಿಗಿದ ಬಾಟಲಿಯೊಂದನ್ನು ಫ್ಲಶ್ ಟ್ಯಾಂಕಿನೊಳಗೆ ಇಟ್ಟಿದ್ದೆ. ಅದು ಹಿಡಿದ ಜಾಗದಷ್ಟು ನೀರು ಪ್ರತಿಸಲವೂ ಉಳಿಯುತ್ತಿತ್ತು. ಎರಡನೆಯ ಬಾಣಂತನಕ್ಕೆಂದು ನಮ್ಮ ಅತ್ತೆ ಬಂದಿಳಿದ ದಿನವೇ, ಹೆಂಡತಿಗೆ ಹೇಳುವ ನೆಪದಲ್ಲಿ, ಈ ಉಪಾಯವನ್ನು ಅವರಿಗೂ ಕೇಳುವಷ್ಟು ಗಟ್ಟಿಯಾಗಿ ವರ್ಣಿಸಿದೆ. ನೆಪ ಬೇಕೇ ಬೇಕಿತ್ತು, ಏಕೆಂದರೆ ನಮ್ಮತ್ತೆ ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಬೇಕಾದದ್ದನ್ನು ಮಗಳ ಬಾಯಲ್ಲಿ ಹೇಳಿಸುವವರು. ಸಾರಿನ ಉಪ್ಪಿನ ವಿಷಯ ಹೀಗೆ ದಾಟಿ ಬರುತ್ತದೆ, ಕಕ್ಕಸಿನದು ಬರುವುದಿಲ್ಲ.

ಬಾಣಂತನದ ಮೂರನೆಯ ವಾರಕ್ಕೆ ಫ್ಲಶ್ ಸೋತಿತು. ಪೈಪು ಕಟ್ಟಿದೆ ಎಂದು ನೋಡುವ ಮೊದಲೇ ತೀರ್ಮಾನಿಸಿದೆ. ಶಿವಾಜಿನಗರದಿಂದ ರಬ್ಬರ್ ಬಟ್ಟಲಿನ ಕೋಲು ತಂದು ಅದುಮಿದೆ, ಆಸಿಡ್ ಸುರಿದೆ, ಬಿದಿರಿನ ಸೀಳಿನಿಂದ ತಿವಿದೆ. ಕೊನೆಗೆ ಬೆವರು ಒರೆಸಿಕೊಳ್ಳುತ್ತ, "ಕೂಸಿನ ಬಟ್ಟಿ ಯಾರೋ ಒಳಗ ಬಿಟ್ಟಾರ, ಅದಕ್ಕ ಕಟ್ಕೊಂಡದ," ಎಂದು ನಡುಮನೆಗೆ ಕೇಳುವಂತೆ ಅಂದೆ. ಕೂಸಿನ ಬಟ್ಟೆ ಒಗೆಯುತ್ತಿದ್ದವರು ಅತ್ತೆ ಒಬ್ಬರೇ.

ಅಂದಿನಿಂದ ಅವರು ಪ್ರತಿಸಲವೂ ಬಕೆಟ್ಟು ತುಂಬಿಕೊಂಡು ಹೋಗತೊಡಗಿದರು. ಸಂಜೆಯ ಚಹಾ ಬಿಟ್ಟರು, ಊಟದ ಜೊತೆಗಿನ ನೀರನ್ನೂ ಬಿಟ್ಟರು. ಹೋಗುವ ಪ್ರಸಂಗವೇ ಕಡಿಮೆಯಾಗಲಿ ಎಂದು. ನಾಲ್ಕನೆಯ ದಿನ ಹೆಂಡತಿ ಎದುರಿಗೆ ಬಂದು ನಿಂತಳು.

"ಅವ್ವ ಐತವಾರ ಊರಿಗೆ ಹೋಗ್ತಾಳಂತ್ರಿ. ಬಟ್ಟಿ ಅಂದದ್ದು ಆಕಿ ಮನಸಿಗೆ ಭಾಳ ಹತ್ಯಾದ. ತಿಂಗಳು ತುಂಬದ ಕೂಸು ಇಟ್ಕೊಂಡು ನಾ ಒಬ್ಬಾಕಿ ಏನ್ ಮಾಡ್ಲಿ?"

"ಪೈಪ್ ಬಿಡಸ್ತೀನಿ ತಡಿ," ಎಂದೆ.

"ಪೈಪಿಗೇನಾಗ್ಯಾದ್ರಿ? ಅವ್ವ ಒಂದು ಬಕೆಟ್ ಹಾಕಿದ್ರ ಒಂದೇ ಸಲಕ್ಕ ಹೋಗ್ತದ."

ಬಕೆಟ್ಟಿನ ನೀರು ಸಲೀಸಾಗಿ ಇಳಿಯುತ್ತದೆಂದರೆ ಕೆಳಗೆ ದೋಷವಿಲ್ಲ, ಮೇಲಿಂದ ಬರುವ ನೀರೇ ಸಾಲದು. ನಾಲ್ಕು ದಿನ ಬಗ್ಗಿ ತಪ್ಪು ಹುಡುಕಿದವನು ಮೊದಲ ಸಲ ನೆಟ್ಟಗೆ ನಿಂತು ಟ್ಯಾಂಕಿನ ಮುಚ್ಚಳ ಎತ್ತಿದೆ. ನನ್ನ ಬಾಟಲಿಯ ಪಕ್ಕದಲ್ಲಿ ಇನ್ನೂ ಎರಡು ಬಾಟಲಿ ಒತ್ತಾಗಿ ನಿಂತಿದ್ದವು.

"ಅಳಿಯಾರು ಒಂದು ಇಟ್ಟಾರ, ನಾ ಎರಡು ಇಟ್ರ ಇನ್ನಷ್ಟು ಉಳೀತದ ಅಂತ ಹೋದ ವಾರ ಇಟ್ಟೀನವ್ವಾ," ಎಂದು ಬಾಗಿಲ ಮರೆಯಿಂದ ಅತ್ತೆ ಮಗಳಿಗೆ ಹೇಳಿದರು.

ನನಗೆ ನಾಚಿಕೆಯಾಯಿತು. ದಶಕಗಳ ಕಾಲ ಕೊಡ ಹೊತ್ತ ಆ ಹೆಂಗಸು, ಮನೆಯವರಾರೂ ಕಿವಿಗೊಡದ ನನ್ನ ಜಾಣತನವನ್ನು ಮನಸಾರೆ ನಂಬಿ ಪಾಲಿಸಿದ್ದರು. ಅವರನ್ನೇ ನಾನು ಅಪರಾಧಿಯಾಗಿ ನಿಲ್ಲಿಸಿದ್ದೆ. ದೋಷ ಹುಡುಕುವವನ ಕಣ್ಣು ಮೊದಲು ಇನ್ನೊಬ್ಬರ ಕೈಯನ್ನೇ ನೋಡುವುದೇಕೋ, ಯೋಚಿಸಿ ನೋಡಿ. ಮನೆಯ ಮರ್ಯಾದೆ ಎಂದು ನಾವು ಆಡದೆ ಉಳಿಸುವ ಮಾತುಗಳೂ ಆ ಬಾಟಲಿಗಳಂತೆಯೇ ಒಳಗೆ ಜಾಗ ಹಿಡಿದು ಕೂರುತ್ತವೆ.

"ಅತ್ತಿಯವರ, ತಪ್ಪು ನಂದ್ರಿ. ಹೋಗಬ್ಯಾಡ್ರಿ," ಎಂದು ಹೆಂಡತಿಯ ನೆಪವಿಲ್ಲದೆ ಹೇಳಿದೆ. ನನ್ನ ಬಾಟಲಿಯನ್ನೂ ಅವರದೊಂದನ್ನೂ ತೆಗೆದೆ; ಅವರದೇ ಇನ್ನೊಂದನ್ನು ಅಲ್ಲೇ ಬಿಟ್ಟೆ.

ಸಂಜೆ ಅಡುಗೆಮನೆಯಿಂದ, "ಇವತ್ತ ನಾನೂ ಚಹಾ ಕುಡೀತೀನವ್ವಾ," ಎಂಬ ಮಾತು ಕೇಳಿತು. ಸ್ವಲ್ಪ ಹೊತ್ತಿಗೆ ಹಿಡಿಕೆ ಒತ್ತಿದ ಸದ್ದು, ಹಿಂದೆಯೇ ನೀರು ಪೂರ್ತಿ ಇಳಿದ ಸದ್ದು. ಬಕೆಟ್ಟು ಮೂಲೆಯಲ್ಲೇ ಇತ್ತು.