ಅಮ್ಮ ಬಿಟ್ಟ ಹಣ್ಣು

ಕಾಶಿಗೆ ಬಂದವರು ತಮಗೆ ಬಹಳ ಇಷ್ಟವಾದ ಒಂದು ಹಣ್ಣನ್ನೂ ಒಂದು ತರಕಾರಿಯನ್ನೂ ಇಲ್ಲೇ ಬಿಟ್ಟು ಹೋಗಬೇಕು. ಆಮೇಲೆ ಬದುಕಿರುವವರೆಗೆ ಅದನ್ನು ಮುಟ್ಟುವಂತಿಲ್ಲ. ನಮ್ಮ ಕಡೆಯ ಜಾಣರು ಹಾಗಲಕಾಯಿ ಬಿಟ್ಟು ನೆಮ್ಮದಿಯಾಗಿ ರೈಲು ಹತ್ತುತ್ತಾರೆ. ಅಮ್ಮ ಆ ಪೈಕಿಯವಳಲ್ಲ. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಮೈಸೂರಿನಿಂದ ಕಾಶಿಯ ಭೇಲೂಪುರದ ನನ್ನ ಬಾಡಿಗೆ ಮನೆಗೆ ಬಂದವಳು, ಬ್ಯಾಗು ಇಳಿಸುತ್ತಲೇ ಹೇಳಿದಳು: "ಇಷ್ಟ ಇರೋದನ್ನೇ ಬಿಡ್ಬೇಕು ಕಣೆ. ದೇವರ ಹತ್ರ ಆಟ ಆಡಬಾರದು."

ನಿನಗೆ ಇಷ್ಟವಾದ ಹಣ್ಣು ಯಾವುದು ಎಂದು ಕೇಳಿದೆ.

"ನಿಮ್ಮಪ್ಪಂಗೆ ಹಲಸು ಅಂದ್ರೆ ಬಲು ಇಷ್ಟ."

"ಅಪ್ಪಂದಲ್ಲ, ನಿಂದು."

"ನಿಮ್ಮಣ್ಣಂಗೆ ಮಾವು..." ಎಂದು ನಿಲ್ಲಿಸಿದಳು.

ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುವುದೂ ಇದನ್ನೇ. ನೀನು ಯಾರು ಎಂದು ಕೇಳಿದರೆ ಕೆಲವು ಸಮಾಜಗಳಲ್ಲಿ ಜನ ತಮ್ಮ ಹಟ, ಹವ್ಯಾಸ, ಇಷ್ಟಾನಿಷ್ಟ ಹೇಳುತ್ತಾರೆ; ಇನ್ನು ಕೆಲವೆಡೆ ಇಂಥವರ ಮಗಳು, ಇಂಥ ಮನೆಯ ಸೊಸೆ ಎನ್ನುತ್ತಾರೆ. ಎರಡೂ ಸರಿಯೇ ಎಂದು ತರಗತಿಯಲ್ಲಿ ತಣ್ಣಗೆ ಹೇಳಿ ಬರುತ್ತೇನೆ. ಅಡುಗೆಮನೆಯಲ್ಲಿ ಮಾತ್ರ ನನಗೆ ರೇಗಿತು.

"ಇಷ್ಟು ವಯಸ್ಸಾಯ್ತು, ನಿನ್ನ ನಾಲಿಗೆಗೆ ಏನು ರುಚಿ ಅಂತ ನಿಂಗೇ ಗೊತ್ತಿಲ್ವಾ?"

"ನಿಮ್ದೆಲ್ಲಾರ್ದೂ ಗೊತ್ತಲ್ಲೇ," ಎಂದಳು, ಅದಕ್ಕಿಂತ ಹೆಚ್ಚೇನು ಬೇಕು ಎಂಬಂತೆ.

ಆದರೂ ಅವಳಿಗೆ ಚಿಂತೆ ಹತ್ತಿತು. ಗೋದೌಲಿಯಾ ಪೇಟೆಯ ತಳ್ಳುಗಾಡಿಗಳಿಂದ ಬಗೆಬಗೆಯ ಹಣ್ಣು ತರಿಸಿಕೊಂಡು ಒಂದೊಂದು ಹೋಳು ತಿಂದು ನೋಡಿದಳು. "ಎಲ್ಲಾ ಚೆನ್ನಾಗೇ ಇದೆಯಲ್ಲೇ" ಎಂದು ಮುಖ ಸಣ್ಣ ಮಾಡಿಕೊಂಡಳು. ಇಷ್ಟವಿಲ್ಲದ್ದನ್ನು ಬಿಟ್ಟರೆ ಯಾತ್ರೆಯೇ ದಂಡ, ಅಪ್ಪನ ಹೆಸರಿನಲ್ಲಿ ಮಾಡಿದ್ದೂ ದಂಡ ಎಂಬ ಹೆದರಿಕೆ ಅವಳದು. ಊಟ ಸರಿಯಾಗಿ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಘಾಟಿನ ಮೆಟ್ಟಿಲ ಮೇಲೆ ಕೂತೆವು. ಪುರೋಹಿತರು ಬಂಗಾಲಿ ಟೋಲಾ ಎಂಬ ಕೇರಿಯವರು. ಅವರ ಅಜ್ಜನ ಕಾಲಕ್ಕೇ ಬಂದು ನೆಲೆಸಿದ ಕನ್ನಡದ ಮನೆತನ. "ಒಂದು ಫಲ, ಒಂದು ಸಬ್ಜಿ. ಜಲ್ದಿ ಹೇಳಿ ಮಾತಾಜಿ, ಹಿಂದೆ ಇನ್ನೂ ಜನ ಇದಾರೆ," ಎಂದರು. ಮೊದಲು ನೀನು ಬಿಡು ಎಂದು ಅಮ್ಮ ನನ್ನನ್ನು ಮುಂದೆ ತಳ್ಳಿದಳು. ಅಂಗೈಯಲ್ಲಿ ನೀರು ಹಿಡಿದು ಪಪ್ಪಾಯ ಎಂದೆ.

"ಸುಳ್ಳು. ಇವಳು ಅದನ್ನ ಮೂಸಿಯೂ ನೋಡಲ್ಲ. ಸಪೋಟ ಅನ್ನಿ," ಎಂದಳು ಅಮ್ಮ. ನಿಜ, ಸಪೋಟ ಕಂಡರೆ ನಾನು ಬಿಡುವವಳಲ್ಲ. ತರಕಾರಿಯನ್ನೂ ಅವಳೇ ಹೇಳಿದಳು, ಅದೂ ತಪ್ಪಲಿಲ್ಲ.

ಆಮೇಲೆ ನೀರು ಅವಳ ಅಂಗೈಗೆ ಬಂತು. ಅಮ್ಮ ಸಹಜವಾಗಿ ನನ್ನ ಕಡೆ ತಿರುಗಿದಳು. "ನಂದು ನೀನು ಹೇಳೆ."

ನೆನಪನ್ನೆಲ್ಲ ತಡಕಿದೆ. ಹೆಚ್ಚುವ ಅಮ್ಮ ಸಿಕ್ಕಳು, ಹಂಚುವ ಅಮ್ಮ ಸಿಕ್ಕಳು, ಎಲ್ಲರ ತಟ್ಟೆಗೂ ಹೋದ ಮೇಲೆ ಮಾವಿನ ಓಟೆ ಚೀಪುವ ಅಮ್ಮನೂ ಸಿಕ್ಕಳು. ಅದನ್ನು ಇಷ್ಟ ಎನ್ನಲು ನನಗೆ ಬಾಯಿ ಬರಲಿಲ್ಲ. ಪುರೋಹಿತರು ಕಾಯುತ್ತಿದ್ದರು. ಮೇಲಿನ ಮೆಟ್ಟಿಲ ಹತ್ತಿರ ಒಬ್ಬ ಬುಟ್ಟಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದ. ಸೀಬೆ ಎಂದೆ.

"ಹೌದಲ್ವೇ, ಸೀಬೆ," ಎಂದಳು ಅಮ್ಮ. ಬಂದಾಗಿನಿಂದ ಅಷ್ಟು ಹಗುರಾದ ಮುಖ ನಾನು ನೋಡಿರಲಿಲ್ಲ. ನೀರು ಬಿಟ್ಟಳು. ತರಕಾರಿಗೆ ನಾನು ತೊಂಡೆಕಾಯಿ ಎಂದೆ, ಅದಕ್ಕೂ ತಲೆಯಾಡಿಸಿದಳು.

ರಜೆಯಲ್ಲಿ ಮೈಸೂರಿಗೆ ಹೋದಾಗ ಪಕ್ಕದ ಮನೆಯವರು ತಮ್ಮ ಗಿಡದ ಸೀಬೆಹಣ್ಣು ತಂದುಕೊಟ್ಟರು. ಅಮ್ಮ ತಟ್ಟೆಯನ್ನು ನನ್ನ ಕಡೆ ಸರಿಸಿ ಅವರಿಗೆ ಹೇಳಿದಳು:

"ನಂಗೆ ಬೇಡಮ್ಮ, ಕಾಶೀಲಿ ಬಿಟ್ಬಂದಿದೀನಿ. ಚಿಕ್ಕೋಳಿದ್ದಾಗಿಂದ ನಂಗೆ ಸೀಬೆ ಅಂದ್ರೆ ಪ್ರಾಣ. ಬೇಕಾದ್ರೆ ನನ್ನ ಮಗಳನ್ನ ಕೇಳಿ."

ಅವರು ನನ್ನನ್ನು ನೋಡಿದರು. ಹೌದು ಎಂದೆ.