ಅಕ್ಕಿ ಡ್ರಮ್ಮಿನ ಮುಚ್ಚಳ

ಸುಜಾತಾ, ನಿನ್ನ ನರ್ಸಿಂಗ್ ಓದಿಗೆ ಸಿಗಬೇಕಿದ್ದ ಸಹಾಯ ತಪ್ಪಿಸಿದ್ದು ಆಫೀಸಿನವರಲ್ಲ — ನಾನು. ಆರು ವರ್ಷದಿಂದ ನಿನ್ನಮ್ಮ ಅವರನ್ನು ಬೈಯುತ್ತಿದ್ದಾಳೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ಬಡ ಮಕ್ಕಳ ಓದಿಗೆ ದುಡ್ಡು ಕೊಡುವ ನಮ್ಮ ಸಂಸ್ಥೆಯಲ್ಲಿ ಒಂದು ಪದ್ಧತಿಯಿದೆ. ಬಡವರು ಹೌದೋ ಅಲ್ಲವೋ ಎಂದು ಬಾಯಿಮಾತು ನಂಬಬಾರದು. ಅಡುಗೆಮನೆಗೇ ಹೋಗಿ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ನೋಡಬೇಕು. ಹಿಂದೂಪುರದಿಂದ ಲೇಪಾಕ್ಷಿಯವರೆಗೆ ಎಷ್ಟು ಮನೆಗಳಲ್ಲಿ ತೆಗೆದಿದ್ದೇನೋ. ಯಾರೂ ಬೇಡ ಅಂದಿರಲಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಕೆಲವರು ಅಳುತ್ತಿದ್ದರು. ಆ ಅಳು ನನಗೆ — ಹೇಗೆ ಹೇಳಲಿ — ಹಿತವಾಗಿತ್ತು.

ನಿನ್ನಮ್ಮ ಲಕ್ಷ್ಮಕ್ಕ ಮಾತ್ರ ಮಗ್ಗದಿಂದ ಎದ್ದು ಬಂದು ಮುಚ್ಚಳ ತೆಗೆದಿದ್ದ ನನ್ನ ಕೈ ಹಿಡಿದಳು.

"ಮುಚ್ಚಮ್ಮ ಅದ್ನ. ನಿಮ್ಮನೇಗೆ ನಾನ್ ಬಂದು ಹಿಂಗೆ ತೆಗೆದು ನೋಡಿದ್ರೆ ನೀನ್ ಬಿಡ್ತೀಯಾ? ನಮ್ ಹುಡುಗಿ ಓದ್ಬೇಕು, ಅದ್ಕೆ ಕೇಳ್ತಿರೋದು. ಉಂಡಿದ್ದೀವೋ ಇಲ್ವೋ, ಅದು ನಮ್ ಪಾಡು ಕಣಮ್ಮ."

ಮುಚ್ಚಿದೆ. ಮೈಯೆಲ್ಲ ಉರಿದುಹೋಯಿತು. ವರದಿಯಲ್ಲಿ ಬರೆದೆ: "ಮಗ್ಗದ ಮೇಲೆ ಜರಿ ರೇಷ್ಮೆ ಸೀರೆ. ಸ್ಥಿತಿವಂತರು. ಸಹಾಯ ಅನಗತ್ಯ." ಆ ರೇಷ್ಮೆ ಸಾಹುಕಾರನದು, ನಿನ್ನಮ್ಮನದು ನೇಯುವ ಕೂಲಿ ಮಾತ್ರ ಎಂದು ನನಗೆ ಗೊತ್ತಿರಲಿಲ್ಲವೇ? ನಾನೇ ನೇಕಾರರ ಮನೆಯಲ್ಲಿ ಹುಟ್ಟಿದವಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಒಳಗೊಳಗೇ ನಗಾಡಿದ್ದೆ ಕೂಡ. ಥೂ.

ಮೇಲಿನವರು ಆ ವರದಿಯನ್ನು ಮೆಚ್ಚಿಕೊಂಡರು. ಈಗ ಹೊಸದಾಗಿ ಸೇರುವವರಿಗೆ ಅದೇ ಮಾದರಿ. ಕಲ್ಯಾಣದುರ್ಗದ ತರಬೇತಿಯಲ್ಲಿ ಅದನ್ನು ಓದಿ ಪಾಠ ಹೇಳುವವಳೂ ನಾನೇ. ಸುಳ್ಳು ಎಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಒಪ್ಪದಿದ್ದರೆ — ಹೊಸ ಹುಡುಗಿಯರು ಅದನ್ನೇ ಕಲಿತು ಇನ್ನೊಬ್ಬರ ಅಡುಗೆಮನೆಗೆ ಹೋಗುತ್ತಾರೆ. ಹೋಗುತ್ತಲೇ ಇದ್ದಾರೆ.

ನೀನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೀಯಂತೆ. ಮೊನ್ನೆ ಹಿಂದೂಪುರದ ಬಸ್ಸಿನಲ್ಲಿ ನಿನ್ನಮ್ಮ ಸಿಕ್ಕಿ ಹೇಳಿದಳು. ನನ್ನನ್ನು ಕಂಡದ್ದೇ ಕಿಟಕಿಯತ್ತ ಸರಿದು ಜಾಗ ಕೊಟ್ಟಳು.

"ಕುಂತ್ಕೊಳಮ್ಮ. ಆಫೀಸ್ನೋರು ಕೊಡ್ದಿದ್ರೆ ನೀನೇನ್ ಮಾಡ್ತೀಯ, ಪಾಪಂ. ಅವತ್ತು ಮುಚ್ಚು ಅಂದಿದ್ಕೆ ಮರುಮಾತಾಡ್ದೆ ಮುಚ್ಚಿದೋಳು ನೀನು. ಇಂಥೋಳಾಗ್ಬೇಕು ಕಣೇ ಅಂತ ಸುಜಾತಂಗೆ ಈಗ್ಲೂ ನಿನ್ನೇ ತೋರಿಸ್ತೀನಿ."

ಇಳಿದು ಓಡಿಹೋಗಬೇಕೆನಿಸಿತು. ಬಸ್ಸು ಕಿಕ್ಕಿರಿದಿತ್ತು, ಅವಳ ಕೈ ನನ್ನ ತೊಡೆಯ ಮೇಲಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹೊರಟಿದ್ದು ಇಷ್ಟೇ — "ಅಷ್ಟು ಒಳ್ಳೇವ್ಳಲ್ಲ ಕಣಕ್ಕ ನಾನು."

ಅದನ್ನೂ ಅವಳು ನನ್ನ ವಿನಯ ಅಂದುಕೊಂಡಳು.